ಒಂದೇ ಹಕ್ಕಿ ಅಂದ್ಕೊಂಡಿದ್ದೆ

ರಾತ್ರಿ ಪಾತ್ರೆ ತೊಳೀತಾ ಇಯರ್‌ಫೋನಲ್ಲಿ ಈಕ್ವೆಡಾರಿನ ಹಕ್ಕಿಯೊಂದರ ಹಾಡು ಕೇಳ್ತಿದ್ದೆ. ಪ್ಲೇನ್-ಟೇಲ್ಡ್ ರೆನ್. ಆಂಡೀಸ್ ಬೆಟ್ಟದ ಮೋಡ ಮುಸುಕಿದ ಕಾಡಲ್ಲಿ ಬಿದಿರು ಮೆಳೆಯೊಳಗೇ ಓಡಾಡೋ ಕಂದು ಬಣ್ಣದ ಪುಟಾಣಿ. ಕಣ್ಣಿಗಿಂತ ಕಿವಿಗೆ ಬೀಳೋದೇ ಜಾಸ್ತಿ. ಒಂದೇ ಹಕ್ಕಿ ಉಸಿರು ಬಿಡದೆ ಹಾಡ್ತಿದೆ ಅಂದ್ಕೊಂಡೆ. ಅಲ್ವಂತೆ, ಎರಡು! ಹೆಣ್ಣು ಒಂದು ತುಣುಕು, ಗಂಡು ಒಂದು ತುಣುಕು, ಮಧ್ಯೆ ಕೂದಲೆಳೆಯಷ್ಟೂ ಜಾಗ ಕಾಣಲ್ಲ. ಗಂಡು ಸುಮ್ಮನಾದ್ರೆ ಮಾತ್ರ ಹೆಣ್ಣಿನ ಹಾಡಲ್ಲಿ ಅವನ ಜಾಗ ಹಾಗೇ ಖಾಲಿ ಉಳಿಯುತ್ತೆ. ಇನ್ನೊಂದು ಮಜಾ: 2011ರ ಅಧ್ಯಯನವೊಂದರಲ್ಲಿ ಇವುಗಳ ಮಿದುಳಿನ ನರಕೋಶಗಳು ತಮ್ಮ ಪಾಲಿನ ಹಾಡಿಗಿಂತ ಇಬ್ಬರದ್ದೂ ಸೇರಿದ ಪೂರ್ತಿ ಜುಗಲ್‌ಬಂದಿಗೇ ಹೆಚ್ಚು ಸ್ಪಂದಿಸಿದ್ವು.

ನಮ್ಮನೇಲೂ ನಾನು ಶುರು ಮಾಡಿದ ಮಾತನ್ನ ನಮ್ಮವರೇ ಮುಗಿಸ್ತಾರೆ. ಬಹುತೇಕ ತಪ್ಪಾಗಿ.