ಕವರಿನ ತಳದಲ್ಲಿ ಸಿಕ್ಕ ರವೊತ್ತು

“ನೋಡಮ್ಮಾ, ಕವರಿನಿಂದ ಕಾರ್ಡ್ ತೆಗೆದೆ. ‘ಗಹಪವೆಶ’ ಅಂತ ಇದೆ. ವಟ್ರಸುಳಿ ಎಲ್ಲಿ ಹೋಯ್ತು?”

ಫೋನಿನಲ್ಲಿ ಮೇಷ್ಟ್ರು ಸಿಟ್ಟು ಮಾಡಿಕೊಳ್ಳಲಿಲ್ಲ. ಅದಕ್ಕೇ ನನಗೆ ಇನ್ನೂ ಜಾಸ್ತಿ ಸಂಕಟವಾಯಿತು. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಕನ್ನಡ ಪಾಠ ಮಾಡಿ ನಿವೃತ್ತರಾದವರು. ಕೆಂಗೇರಿಯಲ್ಲಿ ಕಟ್ಟಿಸಿದ ಮನೆಯ ಗೃಹಪ್ರವೇಶಕ್ಕೆ ನನ್ನ ಹತ್ತಿರ 60 ಕಾರ್ಡ್ ಮಾಡಿಸಿದ್ದರು. ಮರೂನ್ ಬಣ್ಣದ ದಪ್ಪ ಹಾಳೆ, ಅದರ ಮೇಲೆ ಚಿನ್ನದ ಬಣ್ಣದ ಹಾಳೆಯಲ್ಲಿ ಕತ್ತರಿಸಿ ಅಂಟಿಸಿದ ‘ಗೃಹಪ್ರವೇಶ’. ಹಂಚೋಣ ಎಂದು ಒಂದೊಂದೇ ತೆಗೆದು ನೋಡಿದರೆ ವಟ್ರಸುಳಿ, ರವೊತ್ತು, ದೀರ್ಘ ಎಲ್ಲ ಉದುರಿ ಕವರಿನ ತಳದಲ್ಲಿ ಬಿದ್ದಿವೆ.

ಬೆಂಗಳೂರಿನ ವಿಜಯನಗರದಲ್ಲಿರುವ ನಮ್ಮ ಮನೆಯ ಮಹಡಿ ಕೋಣೆಯೇ ನನ್ನ ಕೆಲಸದ ಜಾಗ. ಒಂದು ಕಂಪ್ಯೂಟರ್, ಒಂದು ಕಟಿಂಗ್ ಮಷೀನ್, ಒಂದು ದೊಡ್ಡ ಮೇಜು. ಸೀಮಂತ, ನಾಮಕರಣ, ಹುಟ್ಟುಹಬ್ಬ, ಗೃಹಪ್ರವೇಶ, ಯಾವುದಕ್ಕೆ ಕೇಳಿದರೂ ಕಾರ್ಡ್ ಮಾಡಿ ಕೊಡುತ್ತೇನೆ. ಶುರುವಿನಲ್ಲಿ ಬಹುಪಾಲು ಇಂಗ್ಲಿಷ್ ಕಾರ್ಡುಗಳೇ. ದುಡ್ಡು ಕೊಟ್ಟು ಇಳಿಸಿಕೊಂಡ ಎಸ್‌ವಿಜಿ ಫೈಲುಗಳಿಂದ ಮಾಡುತ್ತಿದ್ದೆ. ಎಸ್‌ವಿಜಿ ಅಂದರೆ ಚಿತ್ರವನ್ನು ಚುಕ್ಕಿಗಳಾಗಿ ಅಲ್ಲ, ಗೆರೆಗಳಾಗಿ ಇಟ್ಟಿರುವ ಫೈಲು. ಮಷೀನಿನ ಬ್ಲೇಡ್ ಆ ಗೆರೆ ಹಿಡಿದೇ ಓಡುತ್ತದೆ. ‘ಹ್ಯಾಪಿ ಬರ್ತ್‌ಡೇ’ ಅನ್ನೋದು ಇಂಗ್ಲಿಷ್ ಕರ್ಸಿವ್ ಅಕ್ಷರದಲ್ಲಿ ಇರುತ್ತಿತ್ತು. ಒಂದಕ್ಷರದ ಬಾಲ ಮುಂದಿನ ಅಕ್ಷರಕ್ಕೆ ಸೇರಿಕೊಂಡು, ಒಂದೊಂದು ಪದವೂ ಒಂದೇ ತುಂಡಾಗಿ ಬರುತ್ತಿತ್ತು. ಎತ್ತಿ ಅಂಟಿಸಿದರೆ ಮುಗಿಯಿತು.

ಕನ್ನಡ ಹಾಗಲ್ಲ. ನಮ್ಮ ಅಕ್ಷರಗಳು ಬಿಡಿಬಿಡಿಯಾಗಿ ನಿಲ್ಲುತ್ತವೆ. ಒತ್ತು ಕೆಳಗೆ ಕೂರುತ್ತದೆ, ದೀರ್ಘ ಪಕ್ಕದಲ್ಲಿ ನಿಲ್ಲುತ್ತದೆ, ಕೆಲವು ಫಾಂಟುಗಳಲ್ಲಿ ತಲೆಕಟ್ಟೂ ಮೈಗೆ ತಾಗಿರುವುದಿಲ್ಲ. ‘ಗೃಹಪ್ರವೇಶ’ ಐದೇ ಅಕ್ಷರ. ಆದರೆ ನಾನು ಆರಿಸಿದ್ದ ಫಾಂಟಿನಲ್ಲಿ ಕತ್ತರಿಸಿದಾಗ ಎಂಟು ತುಂಡು. ಅದರಲ್ಲಿ ಮೂರು ತೀರಾ ಚಿಕ್ಕವು. ರವೊತ್ತು ಅಕ್ಕಿಕಾಳಿಗಿಂತ ಒಂಚೂರು ದೊಡ್ಡದು, ಅಷ್ಟೇ. 60 ಕಾರ್ಡಿಗೆ 180 ಚಿಕ್ಕ ತುಂಡು. ಎರಡು ಸಂಜೆ ಕೂತು ಚಿಮಟದಲ್ಲಿ ಹಿಡಿದು ಒಂದೊಂದನ್ನೇ ಅಂಟಿಸಿದ್ದೆ. ಆ ಚಿನ್ನದ ಹಾಳೆಗೆ ಎರಡೂ ಕಡೆ ನುಣ್ಣನೆಯ ಹೊಳಪಿನ ಲೇಪ ಇತ್ತು. ನೀರು ಬೆರೆತ ಬಿಳಿ ಅಂಟು ಅಂಥ ಮೈಯನ್ನು ಹಿಡಿಯುವುದು ಕಷ್ಟ. ದೊಡ್ಡ ಅಕ್ಷರಕ್ಕೆ ಅಂಟು ತಾಗುವ ಜಾಗ ಜಾಸ್ತಿ, ಹೇಗೋ ನಿಂತವು. ಚಿಕ್ಕವು ಕವರಿನೊಳಗೆ ಹೋಗಿ ಬರುವಷ್ಟರಲ್ಲಿ ಬಿಟ್ಟವು.

ಅವತ್ತು ಮಧ್ಯಾಹ್ನವೇ ಕೆಂಗೇರಿಗೆ ಹೋದೆ. ಮೇಷ್ಟ್ರು ಕಾಫಿ ಕೊಡಿಸಿ, ಒಂದು ಹಾಳೆ ತೆಗೆದುಕೊಂಡು ಪೆನ್ಸಿಲಿನಲ್ಲಿ ‘ಗೃಹಪ್ರವೇಶ’ ಎಂದು ದಪ್ಪಗೆ ಬರೆದರು. “ಬೋರ್ಡಿನ ಮೇಲೆ ಬೇಗ ಬರೆಯುವಾಗ ಸೀಮೆಸುಣ್ಣ ಎತ್ತುತ್ತಲೇ ಇರಲಿಲ್ಲಮ್ಮ. ನೋಡು, ಒತ್ತು ಅಕ್ಷರದ ಮೈಯಿಂದಲೇ ಇಳಿಯುತ್ತೆ.” ನಿಜ, ಅವರ ಕೈಯಲ್ಲಿ ಪಕಾರದ ಕಾಲಿನಿಂದಲೇ ರವೊತ್ತು ಹೊರಟಿತ್ತು. ಗಕಾರದ ಬಲಗಾಲಿನ ತುದಿಯಿಂದ ವಟ್ರಸುಳಿ ಸುತ್ತಿಕೊಂಡಿತ್ತು. ಎಲ್ಲವೂ ಒಂದಕ್ಕೊಂದು ತಾಗಿದ್ದವು, ಆದರೂ ಓದಲು ಏನೂ ತೊಂದರೆ ಇರಲಿಲ್ಲ. ಆ ಹಾಳೆಯನ್ನು ಕೇಳಿ ಇಸಿದುಕೊಂಡು ಬಂದೆ.

ಆಮೇಲಿನ ಕೆಲಸವನ್ನು ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ. ಕನ್ನಡದಲ್ಲಿ ಕಾರ್ಡ್ ಮಾಡಲು ಹೊರಟವರು ಎಡವುವುದು ಇಲ್ಲಿಯೇ.

ಮಷೀನಿನ ಜೊತೆ ಬರುವ ಸಾಫ್ಟ್‌ವೇರಿನಲ್ಲಿ ನೇರವಾಗಿ ಕನ್ನಡ ಟೈಪ್ ಮಾಡಿದರೆ ಎಷ್ಟೋ ಸಲ ಒತ್ತಕ್ಷರ ಕೂಡುವುದೇ ಇಲ್ಲ. ‘ಪ್’ ಬೇರೆ, ‘ರ’ ಬೇರೆ ಆಗಿ ಬರುತ್ತದೆ. ಹಾಗಾಗಿ ನಾನು ಟೈಪ್ ಮಾಡುವುದು ಇಂಕ್‌ಸ್ಕೇಪ್ ಎಂಬ ಚಿತ್ರ ಬರೆಯುವ ಸಾಫ್ಟ್‌ವೇರಿನಲ್ಲಿ. ಅದು ಉಚಿತ, ಯೂನಿಕೋಡ್ ಕನ್ನಡವನ್ನು ಸರಿಯಾಗಿ ತೋರಿಸುತ್ತದೆ. ಫಾಂಟುಗಳಲ್ಲಿ ‘ಬಾಲೂ ತಮ್ಮ’ ಎಂಬುದು ನನಗೆ ಇಷ್ಟ. ದುಂಡಗೆ, ದಪ್ಪಗೆ ಇದೆ, ಕತ್ತರಿಸಿದ ಮೇಲೆ ಗಟ್ಟಿಯಾಗಿ ನಿಲ್ಲುತ್ತದೆ. ಅದೂ ನೋಟೊ ಸಾನ್ಸ್ ಕನ್ನಡವೂ ಮುಕ್ತ ಪರವಾನಗಿಯ ಫಾಂಟುಗಳು, ಮಾರುವ ಕಾರ್ಡಿಗೂ ಬಳಸಬಹುದು. ದುಡ್ಡು ಕೊಟ್ಟು ತಂದ ಡಿಸೈನ್ ಫೈಲುಗಳಲ್ಲಿ ಸ್ವಂತಕ್ಕೆ ಮಾತ್ರ ಎಂದು ಬರೆದಿರುವವೂ ಇರುತ್ತವೆ. ಮಾರುವ ಮುಂಚೆ ಅದನ್ನು ಓದಿಕೊಳ್ಳಿ.

ಟೈಪ್ ಮಾಡಿದ್ದನ್ನು ‘ಆಬ್ಜೆಕ್ಟ್ ಟು ಪಾಥ್’ ಕೊಟ್ಟು ಗೆರೆಯಾಗಿ ಬದಲಿಸಬೇಕು. ಆಮೇಲೆ ಒತ್ತನ್ನು ಮೇಲಕ್ಕೆ ಸರಿಸಿ ಅಕ್ಷರದ ಮೈಗೆ ತಾಗಿಸಬೇಕು, ಅಕ್ಷರಗಳ ನಡುವಿನ ಜಾಗವನ್ನೂ ಕಡಿಮೆ ಮಾಡಿ ಪಕ್ಕದ ಅಕ್ಷರಕ್ಕೆ ಮುಟ್ಟಿಸಬೇಕು. ತಾಗದ ಕಡೆ ಒಂದು ಚಿಕ್ಕ ಸೇತುವೆ ಬರೆಯುತ್ತೇನೆ. ಆದರೆ ಒಂದರ ಮೇಲೊಂದು ಬಿದ್ದಿದೆ ಅಂದ ಮಾತ್ರಕ್ಕೆ ಅವು ಒಂದಾಗಿಲ್ಲ! ಸ್ಕ್ರೀನಿನ ಮೇಲೆ ಬಣ್ಣ ತುಂಬಿರುವುದರಿಂದ ಕೂಡಿಕೊಂಡ ಹಾಗೆ ಕಾಣುತ್ತದೆ, ಅಷ್ಟೇ. ಬ್ಲೇಡಿಗೆ ಬಣ್ಣ ಗೊತ್ತಿಲ್ಲ, ಗೆರೆ ಮಾತ್ರ ಗೊತ್ತು. ಪಕಾರದ ಗೆರೆಯನ್ನೂ ಪೂರ್ತಿ ಕತ್ತರಿಸುತ್ತದೆ, ಒತ್ತಿನ ಗೆರೆಯನ್ನೂ ಪೂರ್ತಿ ಕತ್ತರಿಸುತ್ತದೆ, ಕೂಡಿದ ಜಾಗದಲ್ಲೇ ಸೀಳಿಬಿಡುತ್ತದೆ. ಎಲ್ಲವನ್ನೂ ಆಯ್ಕೆ ಮಾಡಿ ‘ಯೂನಿಯನ್’ ಕೊಟ್ಟ ಮೇಲೇ ಒಳಗಿನ ಗೆರೆ ಅಳಿದು ಹೊರಗಿನದು ಉಳಿಯುವುದು. ಈಗ ನಾನು ಬಣ್ಣ ಪೂರ್ತಿ ತೆಗೆದು, ಬರೀ ಔಟ್‌ಲೈನ್ ಇಟ್ಟುಕೊಂಡು ನೋಡುತ್ತೇನೆ. ಎಲ್ಲಾದರೂ ಗೆರೆ ಗೆರೆಯನ್ನು ದಾಟಿದ್ದರೆ ಅಲ್ಲಿ ಕೆಲಸ ಬಾಕಿ ಇದೆ ಎಂದರ್ಥ.

ಎಲ್ಲಿ ತಾಗಿಸಬೇಕು ಅನ್ನೋದು ಕಂಪ್ಯೂಟರಿಗೆ ಬಿಡುವ ವಿಷಯ ಅಲ್ಲ. ‘ವೇ’ಯ ದೀರ್ಘವನ್ನು ಮುಂದಿನ ‘ಶ’ಕ್ಕೆ ಮಾತ್ರ ಅಂಟಿಸಿದರೆ ಕಣ್ಣು ಅದನ್ನು ಶಕಾರದ ಭಾಗ ಅಂದುಕೊಳ್ಳುತ್ತದೆ. ಅದನ್ನು ವಕಾರದ ಬುಡಕ್ಕೇ ಸೇರಿಸಬೇಕು. ಒತ್ತನ್ನು ತೀರಾ ಮೇಲೆ ಏರಿಸಿದರೆ ನಡುವಿನ ಬಿಳಿ ಜಾಗ ಮುಚ್ಚಿಹೋಗಿ ಮುದ್ದೆಯ ಹಾಗೆ ಕಾಣುತ್ತದೆ. 250 ಜಿಎಸ್ಎಂ (ಒಂದು ಚದರ ಮೀಟರ್ ಹಾಳೆ ಎಷ್ಟು ಗ್ರಾಂ ತೂಗುತ್ತದೆ ಅನ್ನೋ ಲೆಕ್ಕ) ಹಾಳೆಯಲ್ಲಿ ಸೇತುವೆ ಒಂದು ಮಿಲಿಮೀಟರ್ ಇಟ್ಟರೆ, ಕತ್ತರಿಸುವಾಗ ಹಾಳೆಯನ್ನು ಹಿಡಿದಿಡುವ ಅಂಟಿನ ಮ್ಯಾಟಿನಿಂದ ಎತ್ತುವಾಗಲೇ ಹರಿಯುತ್ತದೆ, ಒಂದೂವರೆಯಿಂದ ಎರಡು ಬೇಕು. ಅದೇ ಫೈಲನ್ನು ಅರ್ಧ ಅಳತೆಗೆ ಇಳಿಸಿ ಗಿಫ್ಟ್ ಟ್ಯಾಗ್ ಮಾಡಹೊರಟರೆ ಸೇತುವೆಯೂ ಅರ್ಧವಾಗುತ್ತದೆ, ಮತ್ತೆ ದಪ್ಪ ಮಾಡಬೇಕು.

ಅಕ್ಷರವನ್ನು ಅಂಟಿಸುವ ಬದಲು ಕಾರ್ಡಿನಲ್ಲೇ ಕಿಂಡಿಯಾಗಿ ಕೊರೆಯುವುದಾದರೆ ಕಥೆ ಉಲ್ಟಾ. ಅಲ್ಲಿ ಒತ್ತಿಗೆ ಭಯವಿಲ್ಲ, ಸೊನ್ನೆಗೆ ಭಯ. ‘ಆನಂದ’ದ ಸೊನ್ನೆಯ ಒಳಗಿನ ಬಿಲ್ಲೆ ಉದುರಿ ಬರೀ ತೂತು ಉಳಿಯುತ್ತದೆ. ‘ರ’ದ ಹೊಟ್ಟೆಯೂ ಹಾಗೇ. ಅಲ್ಲಿ ಒಳಗಿನ ತುಂಡಿಗೆ ಸೇತುವೆ ಕೊಡಬೇಕು.

ಒಂದು ಮಾತು ನೆನಪಾಯಿತು. ಅಂಗಡಿ-ಮಳಿಗೆಗಳ ಬೋರ್ಡಿನಲ್ಲಿ ಶೇ 60ರಷ್ಟು ಕನ್ನಡ ಇರಬೇಕು ಎಂಬ ಕಾಯ್ದೆ 2024ರಲ್ಲಿ ಬಂದ ಮೇಲೆ ಬೆಂಗಳೂರಿನಲ್ಲಿ ಕತ್ತರಿಸಿ ಕೂರಿಸಿದ ಕನ್ನಡ ಅಕ್ಷರಗಳನ್ನು ನೋಡುವುದೇ ನನಗೊಂದು ಪಾಠವಾಗಿದೆ. ಬಸ್ಸಿನಲ್ಲಿ ಹೋಗುವಾಗ ಒತ್ತು ಬಿದ್ದುಹೋದ ಬೋರ್ಡ್ ಕಣ್ಣಿಗೆ ಬಿದ್ದರೆ, ಯಾವ ಅಕ್ಷರ, ಎಲ್ಲಿ ತಾಗಿಸಬಹುದಿತ್ತು ಎಂದು ಮನಸ್ಸು ಲೆಕ್ಕ ಹಾಕುತ್ತದೆ.

ಹಾಳೆಯ ವಿಷಯ ಎರಡೇ ಮಾತು. ನಾನು ಹಾಳೆ ತರುವುದು ಸುಲ್ತಾನ್‌ಪೇಟೆಯಿಂದ. ಮದುವೆ ಕಾರ್ಡಿನವರೆಲ್ಲ ಅಲ್ಲೇ ಇರುವುದರಿಂದ ಬಗೆಬಗೆಯ ಹಾಳೆ ಕೈಯಲ್ಲಿ ಮುಟ್ಟಿ ನೋಡಬಹುದು. 250 ಜಿಎಸ್ಎಂ ಎಂದು ಕೊಂಡ ಹಾಳೆ ನಿಜವಾಗಲೂ ಅಷ್ಟಿದೆಯಾ ಎಂದು ತಿಳಿಯಲು ಅಡುಗೆಮನೆಯ ತಕ್ಕಡಿ ಸಾಕು. 16 ಎ4 ಹಾಳೆ ಸೇರಿದರೆ ಒಂದು ಚದರ ಮೀಟರ್. 16 ಹಾಳೆ ತೂಗಿದಾಗ ಎಷ್ಟು ಗ್ರಾಂ ಬರುತ್ತದೋ ಅದೇ ಅದರ ಜಿಎಸ್ಎಂ. ಮಳೆಗಾಲದಲ್ಲಿ ಹಾಳೆ ತೇವ ಎಳೆದುಕೊಂಡು ಮೆತ್ತಗಾಗುತ್ತದೆ, ಚಿಕ್ಕ ಮೂಲೆಗಳು ಪಿಂಜಿದ ಹಾಗೆ ಬರುತ್ತವೆ, ಅದಕ್ಕೇ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಡುತ್ತೇನೆ. ಹೊಳಪಿನ ಹಾಳೆಗೆ ಬಿಳಿ ಅಂಟು ಬಿಟ್ಟೇಬಿಟ್ಟೆ. ಕತ್ತರಿಸುವ ಮೊದಲೇ ಹಿಂಬದಿಗೆ ಎರಡೂ ಕಡೆ ಅಂಟಿರುವ ಶೀಟ್ ಹಚ್ಚುತ್ತೇನೆ.

ಮೇಷ್ಟ್ರ ಕಾರ್ಡಿಗೆ ಬರೋಣ. ಅವರ ಪೆನ್ಸಿಲ್ ಬರಹವನ್ನು ಪಕ್ಕದಲ್ಲಿಟ್ಟುಕೊಂಡು ರಾತ್ರಿ ಫೈಲ್ ಸರಿ ಮಾಡಿದೆ. ಪದ 9 ಸೆಂಟಿಮೀಟರ್ ಅಗಲ. ಒಂದು ಎ4 ಹಾಳೆಯಲ್ಲಿ 12 ಪದ ಹಿಡಿಸಿತು, 60ಕ್ಕೆ ಐದೇ ಹಾಳೆ. ಮೊದಲು ಎರಡು ಸಂಜೆ ಹಿಡಿದಿದ್ದ ಅಂಟಿಸುವ ಕೆಲಸ ಈ ಸಲ ಒಂದು ಬೆಳಗ್ಗೆಗೆ ಮುಗಿಯಿತು. ಹೊಸ ಕಾರ್ಡಿಗೆ ದುಡ್ಡು ತೆಗೆದುಕೊಳ್ಳಲಿಲ್ಲ. ಮೇಷ್ಟ್ರು ಒಂದು ಕಾರ್ಡನ್ನು ಬೆಳಕಿಗೆ ಹಿಡಿದು, ಬೆರಳಿನಿಂದ ರವೊತ್ತನ್ನು ಎರಡು ಸಲ ಕೆದಕಿ ನೋಡಿ, “ಈಗ ಸರಿ” ಎಂದರು.

ಈಗ ಯಾವ ಪದ ಬಂದರೂ ಮೊದಲು ಒಂದೇ ಒಂದು ಕತ್ತರಿಸುತ್ತೇನೆ, ಅದೂ ಕಾರ್ಡಿಗೆ ಬಳಸುವ ಹಾಳೆಯಲ್ಲೇ. ಮ್ಯಾಟನ್ನು ಬೋರಲು ಹಾಕಿ, ಹಾಳೆಯನ್ನು ಎಳೆಯದೆ ಮ್ಯಾಟನ್ನೇ ಬಗ್ಗಿಸಿ ಬಿಡಿಸುತ್ತೇನೆ. ಆಮೇಲೆ ಕೊನೆಯ ಅಕ್ಷರವನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಮೇಲೆತ್ತುತ್ತೇನೆ. ಮೇಜಿನ ಮೇಲೆ ಏನೂ ಉಳಿಯದೆ ಇಡೀ ಪದ ಜೊತೆಗೇ ಎದ್ದು ಬಂದರೆ ಉಳಿದ ಹಾಳೆಗಳನ್ನು ಮಷೀನಿಗೆ ಕೊಡುತ್ತೇನೆ.