ಬ್ರಿಜಿಡ್ ಹಬ್ಬದ ಸೋಮವಾರ

ಇವತ್ತು ಐರ್ಲೆಂಡಿಗೆಲ್ಲ ರಜೆ. ಐರ್ಲೆಂಡಿನ ಪ್ರಾಚೀನ ಸನ್ಯಾಸಿನಿ, ಸಂತ ಬ್ರಿಜಿಡ್ ಹೆಸರಲ್ಲಿ 2023ರಿಂದ ಶುರುವಾದ ರಜೆ ಇದು, ಸಾಮಾನ್ಯವಾಗಿ ಫೆಬ್ರವರಿಯ ಮೊದಲ ಸೋಮವಾರ ಬರುತ್ತದೆ. ಈ ದೇಶದಲ್ಲಿ ಹೆಣ್ಣೊಬ್ಬಳ ಹೆಸರಿನಲ್ಲಿ ಸರ್ಕಾರಿ ರಜೆ ಕೊಟ್ಟಿದ್ದು ಇದೇ ಮೊದಲು. ಇಲ್ಲಿನ ಇನ್ನೊಬ್ಬ ಸಂತ ಪ್ಯಾಟ್ರಿಕ್ ಹಬ್ಬದ ಹಸಿರು ಮೆರವಣಿಗೆ ಜಗತ್ತಿಗೆಲ್ಲ ಗೊತ್ತು. ನನಗೆ ಮಾತ್ರ ಈ ಹಬ್ಬವೇ ಹೆಚ್ಚು ಇಷ್ಟ.

ಓದೋದು ಬರೆಯೋದು ಬದಿಗಿಟ್ಟು ಡಬ್ಲಿನ್‌ನಿಂದ ರೈಲು ಹತ್ತಿ ಕಿಲ್ಡೇರ್‌ಗೆ ಬಂದೆ. ಬ್ರಿಜಿಡ್ ಮಠ ಕಟ್ಟಿದ ಊರು. ಜಾಗ ಕೊಡಲೊಪ್ಪದ ರಾಜನಿಗೆ ಆಕೆ, ನನ್ನ ಹೊದಿಕೆ ಹಾಸುವಷ್ಟು ನೆಲ ಸಾಕು ಅಂದಳಂತೆ. ಹಾಸಿದ ಹೊದಿಕೆ ಹರಡುತ್ತಾ ಹೋಗಿ ಊರ ಪಕ್ಕದ ಕರಾ ಎಂಬ ಬಯಲನ್ನೆಲ್ಲ ಮುಚ್ಚಿತಂತೆ! ವಾಮನನ ಮೂರು ಹೆಜ್ಜೆಯ ಕತೆ ಕೇಳಿ ಬೆಳೆದವಳಿಗೆ ಮೈ ಜುಮ್ಮೆಂದಿತು. ಇಲ್ಲಿ ಕೇಳಿದವಳು ಒಬ್ಬ ಸನ್ಯಾಸಿನಿ, ಕೇಳಿದ್ದು ಎಲ್ಲರಿಗೂ ನೆರಳಾಗುವ ಜಾಗ.

ಒಬ್ಬ ಅಜ್ಜಿ ಪಕ್ಕದಲ್ಲಿ ಕೂರಿಸಿಕೊಂಡು ಜೊಂಡುಹುಲ್ಲಿನ ಶಿಲುಬೆ ಹೆಣೆಯೋದು ಕಲಿಸಿದರು. ಈ ಹುಲ್ಲನ್ನು ಕೊಯ್ಯುವುದಿಲ್ಲ, ಕೈಯಿಂದಲೇ ಕೀಳುವುದು ವಾಡಿಕೆ. ನಡುವಿನಿಂದ ಒಂದೊಂದೇ ಎಳೆ ಮಡಿಸಿ, ತಿರುಗಿಸಿ, ನಾಲ್ಕು ತೋಳಿನ ತುದಿ ಕಟ್ಟಬೇಕು. ಬಾಗಿಲ ಮೇಲಿಟ್ಟರೆ ಮನೆಗೆ ಬೆಂಕಿಯ ಭಯವಿಲ್ಲ ಅನ್ನುವ ನಂಬಿಕೆ.

ಐರಿಷ್ ಸಂಪ್ರದಾಯದಲ್ಲಿ ಫೆಬ್ರವರಿ 1ಕ್ಕೇ ವಸಂತ ಶುರು. ಚಳಿ ಇನ್ನೂ ಕೊರೆಯುತ್ತಿದೆ, ಆದರೂ ಆ ನಂಬಿಕೆ ಎಷ್ಟು ಧೈರ್ಯ ಕೊಡುತ್ತದೆ! ದುಡ್ಡು ಬೇಡ, ಜಾತಿ ಧರ್ಮ ಕೇಳಲ್ಲ, ಗದ್ದೆಯಂಚಿನ ಹುಲ್ಲಿದ್ದರೆ ಹಬ್ಬ ಆಯಿತು.

ಇಲ್ಲಿ ಓದುತ್ತಿರುವ ನಮ್ಮೂರಿನವರೇ, ಮುಂದಿನ ಸಲ ಈ ರಜೆಯನ್ನು ರೂಮಲ್ಲೇ ಕಳೆಯಬೇಡಿ. ಒಟ್ಟಿಗೆ ಹೋಗೋಣ ಬನ್ನಿ.