ಸಾಲಿನ ಬಾಲ

ಬರವಣಿಗೆ ಬೇಸರ ಹುಟ್ಟಿಸಬಾರದೆಂದರೆ ವಾಕ್ಯಗಳ ಆರಂಭವನ್ನು ಬದಲಿಸುತ್ತಿರಿ ಎಂದು ಇಂಗ್ಲಿಷ್ ಕಲಿಸುವವರು ಹೇಳುತ್ತಾರೆ. ಅವರ ಭಾಷೆಗೆ ಅದು ಸರಿ ಇರಬಹುದು. ಕನ್ನಡದಲ್ಲಿ ಬೇಸರ ಹುಟ್ಟುವುದು ತಲೆಯಲ್ಲಲ್ಲ, ಬಾಲದಲ್ಲಿ. ನಮ್ಮ ಕ್ರಿಯಾಪದ ಸಾಮಾನ್ಯವಾಗಿ ಕೊನೆಗೇ ಬಂದು ಕೂರುತ್ತದೆ. ಕಾಲ, ಲಿಂಗ, ವಚನ ಎಲ್ಲವನ್ನೂ ಅದೇ ಹೊತ್ತುಕೊಂಡಿರುವುದರಿಂದ ಒಂದೇ ಸದ್ದು ಸಾಲು ಸಾಲಿಗೂ ಮರಳುತ್ತದೆ.

ಪತ್ರಿಕೆಯ ಡೆಸ್ಕಿನಲ್ಲಿ ದುಡಿದವಳೆಂಬ ಕಾರಣಕ್ಕೆ ಊರ ಶಾಲೆಯ ಸ್ಮರಣ ಸಂಚಿಕೆ ತಿದ್ದುವ ಕೆಲಸ ನನ್ನ ತಲೆಗೆ ಬಂದಿದೆ. ಶಿರಸಿಯ ಮಾರಿಕಾಂಬಾ ಜಾತ್ರೆಯ ಬಗ್ಗೆ ಹಳೆಯ ವಿದ್ಯಾರ್ಥಿಯೊಬ್ಬರು ಬರೆದದ್ದು ಹೀಗೆ: ‘ಎರಡು ವರ್ಷಕ್ಕೊಮ್ಮೆ ಜಾತ್ರೆ ನಡೆಯುತ್ತಿತ್ತು. ಅಜ್ಜಿ ಬುತ್ತಿ ಕಟ್ಟುತ್ತಿದ್ದಳು. ನಾವು ಎತ್ತಿನ ಗಾಡಿಯಲ್ಲಿ ಹೋಗುತ್ತಿದ್ದೆವು. ರಾತ್ರಿ ಯಕ್ಷಗಾನ ಇರುತ್ತಿತ್ತು. ನಾನು ನಿದ್ದೆ ಮಾಡುತ್ತಿದ್ದೆ.’ ವ್ಯಾಕರಣದ ತಪ್ಪು ಒಂದೂ ಇಲ್ಲ. ಜಾತ್ರೆಯೂ ಇಲ್ಲ.

ನಾನು ತಿದ್ದಿದ್ದು: ‘ಎರಡು ವರ್ಷಕ್ಕೊಮ್ಮೆ ಜಾತ್ರೆ. ಅಜ್ಜಿ ಕಟ್ಟಿಕೊಟ್ಟ ಬುತ್ತಿ ಹಿಡಿದು ಎತ್ತಿನ ಗಾಡಿ ಹತ್ತಿದರೆ ಇಳಿಯುವುದು ಶಿರಸಿಯಲ್ಲೇ. ರಾತ್ರಿಯಿಡೀ ಯಕ್ಷಗಾನ; ಬಣ್ಣದ ವೇಷ ಬರುವಷ್ಟರಲ್ಲಿ ನಾನು ನಿದ್ದೆ ಹೋಗಿರುತ್ತಿದ್ದೆ.’ (ಬಣ್ಣದ ವೇಷ ಎಂದರೆ ಯಕ್ಷಗಾನದ ರಾಕ್ಷಸ ಪಾತ್ರ. ಆ ಸಂಗತಿ ಮೂಲದಲ್ಲಿ ಇರಲಿಲ್ಲ, ಫೋನ್ ಮಾಡಿ ಕೇಳಿದಾಗ ಸಿಕ್ಕಿದ್ದು. ವಾಕ್ಯ ಸಪ್ಪೆಯಾಗಿದ್ದರೆ ಎಷ್ಟೋ ಸಲ ಒಳಗೆ ಸರಕೇ ಇರುವುದಿಲ್ಲ.)

ಮೊದಲ ವಾಕ್ಯಕ್ಕೆ ಕ್ರಿಯಾಪದವೇ ಇಲ್ಲ, ಆದರೂ ಏನೋ ಬಿಟ್ಟುಹೋಗಿದೆ ಎನಿಸುವುದಿಲ್ಲ. ‘ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ’ ಎನ್ನುವ ಗಾದೆಗೂ ಇಲ್ಲ. ಎರಡನೆಯದರಲ್ಲಿ ಕಟ್ಟಿಕೊಡುವುದು, ಹಿಡಿಯುವುದು, ಹತ್ತುವುದು ಎಲ್ಲ ಕೃದಂತಗಳಾಗಿ, ಅಂದರೆ ವಾಕ್ಯವನ್ನು ಮುಗಿಸದ ‘ಕಟ್ಟಿಕೊಟ್ಟ’, ‘ಹಿಡಿದು’ ಥರದ ರೂಪಗಳಾಗಿ, ಒಳಗೆ ಸೇರಿಕೊಂಡವು. ಕೊನೆಯ ಜಾಗ ಊರಿಗೆ ಸಿಕ್ಕಿತು. ಇವೆರಡು ದಾಟಿ ಬಂದ ಕಿವಿಗೆ ‘ಹೋಗಿರುತ್ತಿದ್ದೆ’ ಹೊಸದಾಗಿ ಕೇಳುತ್ತದೆ. ಲೇಖಕರು ಬಹುಪಾಲು ಒಪ್ಪಿದರು. ‘ಅಜ್ಜಿ ಬುತ್ತಿ ಕಟ್ಟುತ್ತಿದ್ದಳು’ ಎಂಬುದು ಮಾತ್ರ ಪ್ರತ್ಯೇಕ ವಾಕ್ಯವಾಗಿಯೇ ಇರಲಿ ಎಂದರು. ಇಟ್ಟೆ. ಅವರ ಅಜ್ಜಿ, ಅವರ ಹಕ್ಕು.

ಕೃದಂತದ ರುಚಿ ಹತ್ತಿದವರದು ಇನ್ನೊಂದು ಬಗೆಯ ಕಾಟ. ಎದ್ದು, ಮುಖ ತೊಳೆದು, ತಿಂಡಿ ತಿಂದು, ಬಸ್ ಹಿಡಿದು, ಟಿಕೆಟ್ ಪಡೆದು, ಕಿಟಕಿಯ ಪಕ್ಕ ಕೂತು... ಓದುವವರು ಕ್ರಿಯಾಪದಕ್ಕಾಗಿ ಉಸಿರು ಬಿಗಿಹಿಡಿದು ಕಾಯಬೇಕು. ಮೂರಾದ ಮೇಲೆ ಮುರಿದುಬಿಡುವುದು ನನ್ನ ಪದ್ಧತಿ.

ಎಲ್ಲಕ್ಕಿಂತ ಸಿಟ್ಟು ಬರಿಸುವುದು ವರದಿಗಳ ‘ಲಾಯಿತು’. ಅತಿಥಿಗಳನ್ನು ಸ್ವಾಗತಿಸಲಾಯಿತು, ಗಣ್ಯರನ್ನು ಸನ್ಮಾನಿಸಲಾಯಿತು, ಸಿಹಿ ಹಂಚಲಾಯಿತು. ಹಂಚಿದವರು ಯಾರು? ಕೇಳಿದರೆ ಹೆಸರು ಬರುತ್ತದೆ, ಹೆಸರಿನ ಹಿಂದೆಯೇ ಬೇರೆ ಕ್ರಿಯಾಪದವೂ ಬರುತ್ತದೆ.

ಕರಡನ್ನು ಮುದ್ರಿಸಿಕೊಂಡು ಪ್ರತಿ ವಾಕ್ಯದ ಕೊನೆಯ ಪದಕ್ಕೆ ಪೆನ್ಸಿಲಿನಿಂದ ಸುತ್ತು ಹಾಕಿ, ಆ ಪದಗಳನ್ನಷ್ಟೇ ಮೇಲಿನಿಂದ ಕೆಳಗೆ ಗಟ್ಟಿಯಾಗಿ ಓದುತ್ತೇನೆ. ಮಗ್ಗಿ ಒಪ್ಪಿಸಿದಂತೆ ಕೇಳಿದರೆ ಪುಟಕ್ಕೆ ಕೆಲಸ ಇದೆ ಎಂದರ್ಥ.

ಹಾಗೆಂದು ಒಂದೇ ಬಾಲ ಕಂಡಲ್ಲೆಲ್ಲ ಕತ್ತರಿ ಹಾಕುವವಳಲ್ಲ. 12ನೇ ಶತಮಾನದ ಬಸವಣ್ಣನವರು ‘ಕಳಬೇಡ, ಕೊಲಬೇಡ’ ಎಂದು ಶುರುಮಾಡಿ ಏಳು ಸಲ ‘ಬೇಡ’ ಎನ್ನುತ್ತಾರೆ. ಒಂದನ್ನು ಬದಲಿಸಿದರೂ ವಚನ ಕುಂಟುತ್ತದೆ. ಏಳಾದ ಮೇಲೆ ಅವರೇ ದಾರಿ ಬದಲಿಸುತ್ತಾರೆ: ‘ಇದೇ ಅಂತರಂಗಶುದ್ಧಿ, ಇದೇ ಬಹಿರಂಗಶುದ್ಧಿ’. ಅಲ್ಲಿಂದ ಮುಂದೆ ವಚನ ಮುಗಿಯುವ ತನಕ ಒಂದು ವಾಕ್ಯವೂ ಕ್ರಿಯಾಪದದಲ್ಲಿ ನಿಲ್ಲುವುದಿಲ್ಲ.